ಮೇನ್ ಪಟ್ಟಿ ಮುರಿದ ಪ್ರಕರಣ

ಮಾರ್ಚ್ ನಾಲ್ಕು, ಬೆಳಗ್ಗೆ ಒಂಬತ್ತು ಹತ್ತು. ಹೆಂಗಸೊಬ್ಬಳು ಠಾಣೆಗೆ ಬಂದು ಇನ್‌ಸ್ಪೆಕ್ಟರರ ಮೇಜಿನ ಮೇಲೆ ಒಂದು ತೂಕದ ಚೀಟಿ ಇಟ್ಟಳು. ಹನ್ನೆರಡು ದಿನಗಳ ಹಿಂದೆ ಇಳಿಜಾರಿನಲ್ಲಿ ಲಾರಿ ಮಗುಚಿ ಸತ್ತ ಡ್ರೈವರನ ಹೆಂಡತಿ ಅವಳು.

"ಓವರ್‌ಲೋಡ್ ಮಾಡಿ ತಾನೇ ಸತ್ತ ಅಂತ ಲಾರಿ ಕಂಪನಿಯವರು ಬರೆದುಬಿಟ್ಟಿದ್ದಾರೆ ಸಾರ್. ತೂಗಿಸದೆ ಗಾಡಿ ಎತ್ತೋರಲ್ಲ ನಮ್ಮನೆಯವರು. ನೋಡಿ."

ಚೀಟಿಯಲ್ಲಿ ಹದಿನೈದು ಟನ್ ಎಂದಿತ್ತು. ಆ ಲಾರಿಯ ಮಿತಿ ಹದಿನಾರು. ಅವಳ ಮಾತಿಗೆ ತೂಕವಿತ್ತು, ತೂಕಕ್ಕೆ ಚೀಟಿಯಿತ್ತು.

"ಗಾಡಿಲಿ ಏನು ಮುರಿದಿತ್ತು?"

"ಹಿಂದಿನ ಸ್ಪ್ರಿಂಗ್. ಭಾರ ಹೊರೋ ಮೇನ್ ಪಟ್ಟಿನೇ ಎರಡು ತುಂಡು."

"ಪಟ್ಟಿ ಮಾಡಿದ್ದು ಯಾರು?"

"ನಮ್ಮಪ್ಪ. ಕಂಪನಿ ಕುಲುಮೆಲಿ ಮೂವತ್ತು ವರ್ಷದಿಂದ ಅವರದ್ದೇ ಕೈ. ಅವರ ಹದ ತಪ್ಪಲ್ಲ ಸಾರ್. ಕಳಪೆ ಉಕ್ಕು ತಂದುಕೊಟ್ಟಿರ್ತಾರೆ. ಅದನ್ನ ಹಿಡೀರಿ. ನನ್ನ ಗಂಡನ ಹೆಸರಿಂದ ಆ ಮಾತು ಅಳಿಸಬೇಕು, ಅಷ್ಟೇ."

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬರೆದುಕೊಂಡ ಕಾನ್‌ಸ್ಟೇಬಲ್ಲನಿಗೆ ಠಾಣೆಯಲ್ಲಿ ಟೇಪ್‌ರೆಕಾರ್ಡರ್ ಎಂದೇ ಹೆಸರು. ಯಾರ ದನಿಯನ್ನು ಒಮ್ಮೆ ಕೇಳಿದರೂ ಸಾಕು, ಕೆಮ್ಮಿನ ಸಮೇತ ವಾಪಸು ಕೊಡುತ್ತಿದ್ದ. ಇನ್‌ಸ್ಪೆಕ್ಟರರು ಕೈ ತೊಳೆಯಲು ಹೋದದ್ದೇ ತಡ, ಅವರ ಗೊಗ್ಗರು ದನಿಯಲ್ಲೇ ಪಕ್ಕದ ಮೇಜಿನ ರೈಟರಿಗೆ ಹೇಳಿದ: "ಕಾಗದ ಮಾತಾಡ್ಬೇಕು ಕಣ್ರೀ, ಬಾಯಲ್ಲ."

"ಚೆನ್ನಾಗಿದೆ," ಎಂದಿತು ಹಿಂದಿನಿಂದ ಅಸಲಿ ದನಿ. "ಮೇಲಿನವರ ಹತ್ರ ಬೈಸಿಕೊಳ್ಳೋಕೂ ನೀನೇ ಹೋಗ್ತೀಯಾ? ಜೀಪ್ ತೆಗಿ."

ಕಂಪನಿಯ ಶೆಡ್ಡಿನ ಹಿಂದೆ ಗುಜರಿ ರಾಶಿಯಿತ್ತು. ಅದರಲ್ಲಿ ಮುರಿದ ಮೇನ್ ಪಟ್ಟಿಗಳು ಒಂದಲ್ಲ, ಒಂಬತ್ತು. ಸ್ಪ್ರಿಂಗುಗಳು ಮುರಿದಿದ್ದರೂ ಮ್ಯಾನೇಜರ್ ಬಗ್ಗುವ ಆಸಾಮಿಯಲ್ಲ.

"ಎಲ್ಲ ಡ್ರೈವರ್‌ಗಳ ಕೆಲಸ ಸಾರ್. ಸಿಕ್ಕಿದ್ದೆಲ್ಲ ತುಂಬ್ತಾರೆ."

ಇನ್‌ಸ್ಪೆಕ್ಟರರು ರಿಪೇರಿ ರಿಜಿಸ್ಟರ್ ತಿರುವಿದರು. ಹಿಂದೆಲ್ಲ ಎರಡು ವರ್ಷ ಬಾಳುತ್ತಿದ್ದ ಪಟ್ಟಿ ಸೆಪ್ಟೆಂಬರಿನಿಂದೀಚೆಗೆ ಹಾಕಿದ್ದಾದರೆ ಎರಡು ಮೂರು ತಿಂಗಳಿಗೇ ಮುರಿಯುತ್ತಿತ್ತು.

"ಒಂಬತ್ತೂ ಜನಕ್ಕೆ ಸೆಪ್ಟೆಂಬರಲ್ಲೇ ದುರಾಸೆ ಹುಟ್ಟಿತಾ?"

ಮ್ಯಾನೇಜರ್ ಕೊರಳಪಟ್ಟಿ ಸರಿಮಾಡಿಕೊಂಡ. ಇಬ್ಬರು ಪಂಚರ ಎದುರು ಮೂರು ಮುರಿದ ಪಟ್ಟಿಗಳನ್ನೂ ಗೋದಾಮಿನಲ್ಲಿದ್ದ ಹೊಸ ಉಕ್ಕಿನ ಒಂದು ತುಂಡನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಸತ್ತವನ ಲಾರಿಯ ಪಟ್ಟಿ ಅವುಗಳಲ್ಲಿ ಒಂದು.

ಹತ್ತೊಂಬತ್ತರಂದು ಪ್ರಯೋಗಾಲಯದ ವರದಿ ಬಂತು. ಉಕ್ಕಿನಲ್ಲಿ ದೋಷವಿಲ್ಲ. ಆದರೆ ಮೂರೂ ಪಟ್ಟಿಗಳ ಮುರಿದ ಮೈಯಲ್ಲಿ ಹರಳುಗಳು ಸಕ್ಕರೆಯಂತೆ ದಪ್ಪ. ಹದ ಮಾಡುವಾಗ ಮಿತಿಮೀರಿ ಕಾಯಿಸಿದ್ದರಿಂದ ಉಕ್ಕು ಪೆಡಸಾಗಿ, ರಸ್ತೆಯ ಕುಲುಕಾಟಕ್ಕೆ ಬಿರುಕು ಬಿಟ್ಟಿದೆ.

"ಅಂದ್ರೆ ಅವಳ ಅಪ್ಪ," ಎಂದ ಟೇಪ್‌ರೆಕಾರ್ಡರ್, ಈ ಸಲ ತನ್ನದೇ ದನಿಯಲ್ಲಿ.

ಇನ್‌ಸ್ಪೆಕ್ಟರರು ವರದಿಯನ್ನು ಕಡತಕ್ಕೆ ಸೇರಿಸಿದರು.

ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಕುಲುಮೆ. ಕಿಟಕಿಗಳಿಗೆಲ್ಲ ಗೋಣಿ ಇಳಿಬಿಟ್ಟಿದ್ದರು. ಕಾದ ಉಕ್ಕಿನ ಬಣ್ಣ ಗೊತ್ತಾಗಬೇಕಾದರೆ ಕತ್ತಲೆ ಬೇಕು. ಇಬ್ಬರು ಸುತ್ತಿಗೆಯವರು, ನಡುವೆ ಮುದುಕ. ಅಳಿಯ ಸತ್ತ ನಾಲ್ಕನೆಯ ದಿನದಿಂದಲೇ ಕೆಲಸಕ್ಕೆ ಬರುತ್ತಿದ್ದಾನೆಂದು ಹಾಜರಿ ಪುಸ್ತಕ ಹೇಳಿತು.

"ಎಷ್ಟು ಕಾಯಿಸ್ತೀರಿ, ಯಜಮಾನ್ರೆ?"

"ಹಣ್ಣು ಟೊಮೇಟೊ ಬಣ್ಣಕ್ಕೆ ತೆಗೀಬೇಕು ಸ್ವಾಮಿ. ಕಿತ್ತಳೆ ಆಯ್ತೋ, ಕೆಟ್ಟಿತು."

"ಶಾಖ ನೋಡೋ ಮೀಟರ್ ಇಲ್ವಾ?"

"ಇದೆ ಸಾರ್, ಕಪಾಟಲ್ಲಿ," ಎಂದ ಮ್ಯಾನೇಜರ್. "ಇವರ ಕಣ್ಣೇ ನಮ್ಮ ಮೀಟರ್."

"ಬೇರೆ ಯಾರೂ ಬಣ್ಣ ನೋಡಲ್ವಾ?"

ಸುತ್ತಿಗೆಯವರಲ್ಲಿ ದೊಡ್ಡವನು ತಲೆ ತಗ್ಗಿಸಿದ. "ಕುಲುಮೆಲಿ ಬಣ್ಣ ಹೇಳೋನು ಒಬ್ಬನೇ ಸಾರ್. ಯಜಮಾನ್ರು 'ಹೂಂ' ಅಂದ್ರೆ ತೆಗೀತೀವಿ. ನಾವು ಬಾಯಿ ಹಾಕೋ ಹಾಗಿಲ್ಲ."

ಇನ್‌ಸ್ಪೆಕ್ಟರರು ಮೀಟರ್ ತರಲು ಮ್ಯಾನೇಜರನ ಜೊತೆ ಹೊರಗೆ ಹೋದರು. ಹೇಳಿಕೆ ಬರೆದುಕೊಳ್ಳಲು ಉಳಿದ ಟೇಪ್‌ರೆಕಾರ್ಡರಿಗೆ ಆ ಮೌನ ತಡೆಯಲಾಗಲಿಲ್ಲ. ಸುತ್ತಿಗೆಯವರ ಕಡೆ ಕಣ್ಣು ಮಿಟುಕಿಸಿ, ಗೊಗ್ಗರು ದನಿ ತೆಗೆದ: "ಕಾಗದ ಮಾತಾಡ್ಬೇಕು ಕಣ್ರೀ, ಬಾಯಲ್ಲ."

ಸುತ್ತಿಗೆಯವರ ತುಟಿ ಬಿಚ್ಚಿತು. ಮುದುಕ ಮಾತ್ರ ದಡಬಡಿಸಿ ಎದ್ದು, ಎರಡು ಮಾರು ದೂರದಲ್ಲಿದ್ದ ಆ ಕಡ್ಡಿಪೈಲ್ವಾನ್ ಕಾನ್‌ಸ್ಟೇಬಲ್ಲನಿಗೆ ಕೈ ಮುಗಿದ. "ಬಂದ್ರಾ ಸ್ವಾಮಿ? ಕೂತ್ಕೊಳ್ಳಿ. ಮೀಟರ್ ಸಿಕ್ತಾ?"

ಇನ್‌ಸ್ಪೆಕ್ಟರರು, ನೂರು ಕೇಜಿಯ ಆಳು, ಮೀಟರ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಟೇಪ್‌ರೆಕಾರ್ಡರನ ಮುಖ ಬೂದಿಯಾಯಿತು. ಯಾರೂ ನಗಲಿಲ್ಲ.

ಇನ್‌ಸ್ಪೆಕ್ಟರರು ಬೈಯಲಿಲ್ಲ. ಮೀಟರನ್ನು ಕುಲುಮೆಗೆ ಸಿಕ್ಕಿಸಿದರು. "ಒಂದು ಪಟ್ಟಿ ಹಾಕಿ. ಹದಕ್ಕೆ ಬಂದಾಗ ಯಜಮಾನ್ರು ಹೇಳಲಿ."

ಹನ್ನೊಂದು ನಲವತ್ತಕ್ಕೆ ಮೀಟರಿನ ಮುಳ್ಳು ಹದದ ಕೆಂಪು ಗೆರೆ ಮುಟ್ಟಿತು. ಪಟ್ಟಿ ಹಣ್ಣು ಟೊಮೇಟೊ ಬಣ್ಣಕ್ಕೆ ಬಂದಿತ್ತು.

"ಆಯ್ತಾ?"

"ಇನ್ನೂ ಇಲ್ಲ ಸ್ವಾಮಿ. ಕಪ್ಪಗಿದೆ."

ಮುಳ್ಳು ಗೆರೆ ದಾಟಿತು. ಪಟ್ಟಿ ಕಿತ್ತಳೆಯಾಗಿ, ಹಳದಿಯಾಯಿತು. ಸುತ್ತಿಗೆಯವನ ಇಕ್ಕಳ ಮುಂದೆ ಹೋಗಿ ಹಿಂದೆ ಬಂತು. ಹನ್ನೊಂದು ಐವತ್ತೆರಡಕ್ಕೆ, ಅಂಚಿನಿಂದ ಕಿಡಿ ಹಾರತೊಡಗಿದಾಗ, ಮುದುಕ "ಹೂಂ" ಎಂದ. ಅಂದವನೇ ಸುತ್ತಲಿನ ಮೌನ ಕೇಳಿಸಿಕೊಂಡು, ಕೈಯೊರಸುವ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ.

ಅವನ ಉಪಕರಣದ ಪೆಟ್ಟಿಗೆಯ ತಳದಲ್ಲಿ ಕಣ್ಣಾಸ್ಪತ್ರೆಯ ಚೀಟಿ ಸಿಕ್ಕಿತು. ಆಗಸ್ಟ್ ಇಪ್ಪತ್ತೊಂದರದು. ಎರಡೂ ಕಣ್ಣಿಗೆ ಬಲಿತ ಪೊರೆ, ಶಸ್ತ್ರಚಿಕಿತ್ಸೆ ಆಗಬೇಕು, ಬೆಂಕಿಯ ಕೆಲಸ ಕೂಡದು. ಕಾಗದ ಮಾತಾಡಿತ್ತು. ಅದನ್ನು ಪಂಚನಾಮೆಗೆ ಸೇರಿಸಿ, ಮಧ್ಯಾಹ್ನ ಒಂದು ಗಂಟೆಗೆ ಮುದುಕನನ್ನು ದಸ್ತಗಿರಿ ಮಾಡಿದರು. ಆ ಕುಲುಮೆಯ ಪಟ್ಟಿ ಹಾಕಿಕೊಂಡು ಓಡುತ್ತಿದ್ದ ಇಪ್ಪತ್ತಾರು ಲಾರಿಗಳನ್ನು ಇದ್ದಲ್ಲೇ ನಿಲ್ಲಿಸಲು ಆದೇಶ ಹೋಯಿತು.

ಮೂರೂಕಾಲಿಗೆ ಠಾಣೆಯಲ್ಲಿ ಹೇಳಿಕೆ. ಮಗಳು ಗೋಡೆಗೆ ಒರಗಿ ನಿಂತಿದ್ದಳು.

"ಗೊತ್ತಿದ್ದೂ ಯಾಕೆ ಮುಂದುವರಿಸಿದ್ರಿ?"

"ಆಪರೇಷನ್ ಆದ್ರೆ ನಲವತ್ತು ದಿನ ಬೆಂಕಿ ಹತ್ರ ಬರಬಾರದು ಅಂದ್ರು. ನಲವತ್ತು ದಿನ ಇನ್ನೊಬ್ಬ 'ಹೂಂ' ಅಂದ್ರೆ, ಆಮೇಲೆ ನನ್ನನ್ನ ಯಾರು ಕೇಳ್ತಾರೆ ಸ್ವಾಮಿ? ಕೈಗೆ ಅಭ್ಯಾಸ ಇದೆಯಲ್ಲ, ನಡೆಯುತ್ತೆ ಅಂದ್ಕೊಂಡೆ."

"ಪಟ್ಟಿ ಮುರೀತಾ ಬಂದಾಗ?"

"ಓವರ್‌ಲೋಡ್ ಅಂತ ಎಲ್ರೂ ಅಂದ್ರು. ನಾನೂ ನಂಬಿದೆ. ನಂಬೋಕೆ ಸುಲಭ ಇತ್ತು."

"ನಿಮ್ಮ ಅಳಿಯನಿಗೂ ಅದನ್ನೇ ಅಂದಾಗ?"

ಮುದುಕ ತಲೆಯೆತ್ತಲಿಲ್ಲ. "ಆಗ ಗೊತ್ತಿತ್ತು."

ಇನ್‌ಸ್ಪೆಕ್ಟರರು ಮೊದಲು ಒಂದು ವಾಕ್ಯ ಬರೆಸಿದರು: ಮೃತ ಚಾಲಕ ಮಿತಿಗಿಂತ ಹೆಚ್ಚು ಸರಕು ಸಾಗಿಸಿರಲಿಲ್ಲ. ಅದನ್ನು ಮಗಳಿಗೆ ಕೇಳುವಂತೆ ಓದಿದರು. ಅವಳು ಕೇಳಲು ಬಂದ ವಾಕ್ಯ ಅದೇ. ಅವಳು ಅಪ್ಪನನ್ನು ನೋಡುತ್ತಲೇ ಇದ್ದಳು. ಅವನು ಅವಳ ಪಕ್ಕದ ಕಪಾಟಿನ ಕಡೆ ಮುಖ ಮಾಡಿ ಕೂತಿದ್ದ.

"ಅಪ್ಪ, ನಾನು ಇಲ್ಲಿದೀನಿ," ಎಂದಳು.

ಅವನು ದನಿಯ ಕಡೆಗೆ ತಿರುಗಿದ. ಸಹಿ ಹಾಕಲು ಟೇಪ್‌ರೆಕಾರ್ಡರ್ ಅವನ ಬೆರಳನ್ನು ಹಿಡಿದು ಗೆರೆಯ ಮೇಲಿಟ್ಟ.

"ಒಂದು ಬಿಟ್ಟುಹೋಗಿದೆ ಸ್ವಾಮಿ, ಬರ್ಕೊಳ್ಳಿ," ಎಂದ ಮುದುಕ. "ಆ ಪಟ್ಟಿ ಅಳಿಯನ ಗಾಡಿಗೆ ಅಂತ ನಂಗೆ ಗೊತ್ತಿತ್ತು. ಗಟ್ಟಿಯಾಗಿರಲಿ ಅಂತ ಅದನ್ನ ಇನ್ನೂ ಸ್ವಲ್ಪ ಹೊತ್ತು ಕಾಯಿಸಿದೆ."