ಚಿಲಕದ ಗುರುತಿದ್ದ ಗಿಟಾರ್

ನಂಬುವುದು ಬಿಡುವುದು ನಿಮ್ಮಿಷ್ಟ. ನಡೆದದ್ದು ಮಾತ್ರ ಹಾಡಹಗಲಲ್ಲಿ, ಮೂರು ಜನರ ಕಣ್ಣೆದುರಿಗೆ.

ಹಳೆ ಸಾಮಾನಿನ ಅಂಗಡಿಯಲ್ಲಿ ನನಗೊಂದು ಎಲೆಕ್ಟ್ರಿಕ್ ಗಿಟಾರ್ ಸಿಕ್ಕಿತ್ತು. ಎತ್ತಿದರೆ ಕೈ ಸೋಲುವಷ್ಟು ಭಾರ, ಕಂಪನಿಯ ಹೆಸರೇ ಇಲ್ಲ. ಯಾವ ಮರವೆಂದು ತಿಳಿಯಲು ಮರಗೆಲಸದ ಮಾವನ ಮನೆಗೆ ಒಯ್ದೆ. ಮಾವ ತಂತಿ ಬಿಚ್ಚಿ, ಮುಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬಣ್ಣ ಕೆರೆದು ಮೂಸಿ ನೋಡಿದರು.

“ತೇಗ ಕಣೋ. ಅದೂ ಹಳೇ ಬಾಗಿಲು ಕೊಯ್ದು ಮಾಡಿದ್ದು. ಇಲ್ನೋಡು, ಚಿಲಕ ಕೂತಿದ್ದ ಗುರುತು.”

“ಬಾಗಿಲು ಅಂದ್ಮೇಲೆ ತಟ್ಟಿ ನೋಡಿ, ಯಾರಾದ್ರೂ ಇರಬಹುದು” ಎಂದರು ಬಟ್ಟೆ ಮಡಚುತ್ತಿದ್ದ ಅತ್ತೆ.

ಮಾವ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಟೊಳ್ಳೇ ಇಲ್ಲದ ಆ ಮರದೊಳಗಿಂದ ಎರಡು ಸಲ ತಟ್ಟಿದ ಸದ್ದು ಬಂತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆಗೋ ನಗು. ಅವರು ಗಿಟಾರಿನ ಮೇಲೆ ತಾಳ ಹಾಕಿದರು. ಅದೂ ಹಾಕಿತು, ಕೊನೆಗೆ ತನ್ನದೊಂದು ಪೆಟ್ಟು ಸೇರಿಸಿ. ಹೆದರಿಕೆ ಎಲ್ಲಿ ಹೋಯಿತೋ, ಮೂವರೂ ಮಕ್ಕಳ ಹಾಗೆ ತಟ್ಟುತ್ತಾ ಕೂತೆವು. ತಟ್ಟಿದಷ್ಟೂ ಮರ ಬೆಚ್ಚಗಾಗುತ್ತಿತ್ತು.

ಇದ್ದಕ್ಕಿದ್ದಂತೆ ಮಾವ ಕೈ ತಡೆದರು. “ಚಿಲಕ ಇರೋದು ಮನೆ ಒಳಗಡೆ ಅಲ್ವಾ? ಗುರುತು ನಮ್ಮ ಕಡೆಗಿದೆ. ಅಂದ್ರೆ ಒಳಗಿರೋರು ನಾವು. ಹೊರಗೆ ನಿಂತಿರೋದು ಅದು.”

“ಅಯ್ಯೋ ಪಾಪ, ಇಷ್ಟೊತ್ತು ನಿಲ್ಲಿಸಿಬಿಟ್ವಲ್ಲ” ಎನ್ನುತ್ತಾ ಅತ್ತೆ ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿಟ್ಟರು. “ಬನ್ನಿ, ಬಾಗಿಲು ತೆಗೆದೇ ಇದೆ.”

ಆಮೇಲೆ ಮರದಿಂದ ಸದ್ದು ಬಂದಿಲ್ಲ. ಅವರ ಮನೆಯಲ್ಲಿ ನಾನು ಗಿಟಾರ್ ನುಡಿಸಿದಾಗಲೆಲ್ಲ ತಾಳ ಮಾತ್ರ ತಪ್ಪದೆ ಬೀಳುತ್ತದೆ, ಕೊನೆಗೊಂದು ಪೆಟ್ಟು ಜಾಸ್ತಿ. ಈಗ ಅದು ಬರುವುದು ಅತ್ತೆಯ ಪಕ್ಕದ ಕುರ್ಚಿಯಿಂದ.