ಅಮ್ಮನಿಗೆಂದು ಉಳಿಸಿಕೊಂಡ ಮೇಣದಬತ್ತಿ

ಬಹಳ ಬಹಳ ಹಿಂದೆ, ಹಿಮಬೆಟ್ಟಗಳ ಆಚೆ ವಾಲ್ಮೋರಾ ಎಂಬ ರಾಜ್ಯವಿತ್ತು. ಅಲ್ಲಿಯ ಇಗರ್ಜಿಯ ಗಂಟೆಯನ್ನು ಯಾರೂ ಬಾರಿಸುತ್ತಿರಲಿಲ್ಲ. ಮೃತರ ಹಬ್ಬದ ಸಂಜೆ ಜನರು ತಮ್ಮವರಿಗಲ್ಲ, ನೆರೆಮನೆಯಲ್ಲಿ ತೀರಿಕೊಂಡವರಿಗೆ ಮೇಣದಬತ್ತಿ ಹಚ್ಚಿ ಪ್ರಾರ್ಥಿಸುತ್ತಿದ್ದರು. ಆಗ ಗಂಟೆ ತಾನೇ ಮೊಳಗುತ್ತಿತ್ತು. ಆ ನಾದದೊಳಗೆ ಸತ್ತವರು ತಮ್ಮವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ದೇವರ ಕರುಣೆ ಅಷ್ಟಿತ್ತು.

ಆಮೇಲೆ ಮಹಾಮಾರಿ ಬಂತು. ಮನೆಮನೆಯಲ್ಲೂ ಸಾವು. "ನಮ್ಮ ಸತ್ತವರೇ ಇಷ್ಟು ಜನ, ಇನ್ನು ಪಕ್ಕದವರಿಗೆಲ್ಲಿಯ ಪ್ರಾರ್ಥನೆ?" ಎಂದು ಜನ ಬಾಗಿಲು ಹಾಕಿಕೊಂಡು ತಂತಮ್ಮವರಿಗೇ ಬತ್ತಿ ಹಚ್ಚತೊಡಗಿದರು. ಸಿರಿವಂತರಂತೂ ತಮ್ಮವರಿಗೆಂದೇ ಬೇರೆ ಪ್ರಾರ್ಥನಾಮಂದಿರ ಕಟ್ಟಿಸಿಕೊಂಡರು. ಗಂಟೆ ಮೂಕವಾಯಿತು. ಗ್ರಿಮಾಲ್ಡನೆಂಬ ಮಾಂತ್ರಿಕ ಅದನ್ನು ಕಿತ್ತು ಕರಿಬೆಟ್ಟದ ಗೋಪುರಕ್ಕೆ ಹೊತ್ತೊಯ್ದಾಗ ಯಾರೂ ತಡೆಯಲಿಲ್ಲ.

ಬತ್ತಿ ಮಾಡುವ ಒಡಿಲಿಯಾಳಿಗೆ ಮಾತ್ರ ಜೀವ ತಡೆಯಲಿಲ್ಲ. ಅವಳ ಅಮ್ಮನೂ ಮಾರಿಗೆ ಬಲಿಯಾಗಿದ್ದಳು. "ಲಿಯಾ, ಕಂದಾ" ಎನ್ನುತ್ತಿದ್ದ ಆ ದನಿ ಇನ್ನೊಮ್ಮೆ ಕೇಳಿದರೆ ಸಾಕಿತ್ತು. ಮನೆಯಲ್ಲಿ ಉಳಿದಿದ್ದ ಮೇಣಕ್ಕೆ ಮೂರೇ ಬತ್ತಿಯಾದವು. ಎರಡು ದಾರಿಗೆ, ಒಂದು ಅಮ್ಮನಿಗೆ ಎಂದುಕೊಂಡು ಗಂಟೆಯನ್ನು ಹುಡುಕಿ ಕರಿಬೆಟ್ಟಕ್ಕೆ ಹೊರಟಳು.

ಕಣಿವೆಯಲ್ಲಿ ಕಲ್ಲಿನ ತೋಳ ಅಡ್ಡ ನಿಂತಿತು, ಕಣ್ಣಿಂದ ನೀರು ಇಳಿಯುತ್ತಿತ್ತು. "ಎಲ್ಲಿಗೆ, ಮೇಣದ ಬೊಂಬೆ? ತಿಂದುಬಿಡುತ್ತೇನೆ!"

"ತಿನ್ನುವಿಯಂತೆ. ಮೊದಲು ಹೇಳು, ಅಳುವುದೇಕೆ?"

"ನನ್ನ ಮರಿಗಳು ಸತ್ತವು. ತೋಳದ ಮರಿಗೆ ಯಾರಮ್ಮ ಬತ್ತಿ ಹಚ್ಚುತ್ತಾರೆ?"

ಅವಳು ಹಚ್ಚಿದಳು. ತೋಳ ದಾರಿ ಬಿಟ್ಟಿತು.

ಗೋಪುರದ ಬಾಗಿಲಲ್ಲಿ ಕಬ್ಬಿಣದ ಕಾಗೆ ಕೊಕ್ಕು ಮಸೆಯಿತು. ಅದರ ಜೋಡಿ ಸತ್ತಿತ್ತು. ಎರಡನೆಯ ಬತ್ತಿ ಆ ಜೋಡಿಗಾಯಿತು. ಬಾಗಿಲು ತೆರೆಯಿತು.

ಒಳಗೆ ಗಂಟೆಯ ಕೆಳಗೆ ಗ್ರಿಮಾಲ್ಡ ಕೂತಿದ್ದ. "ಆ ಬತ್ತಿ ಯಾರಿಗೆ?"

"ನಮ್ಮಮ್ಮನಿಗೆ."

ಹಚ್ಚಿದಳು, ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಮಾಂತ್ರಿಕ ನಕ್ಕ. "ಊರಿನ ಕಟ್ಟಳೆ ನಿನಗೂ ಮರೆತುಹೋಯಿತೇ, ಹುಡುಗಿ? ತನ್ನವರಿಗೆ ತಾನೇ ಹಚ್ಚಿದ್ದು ಇಲ್ಲಿ ನಿಲ್ಲುವುದಿಲ್ಲ."

"ನಿನಗೆ ಹೇಗೆ ಗೊತ್ತು?"

"ನಾನೂ ವಾಲ್ಮೋರಾದವನೇ!" ಅವನ ನಗು ಒಡೆಯಿತು. "ಮಾರಿಗೆ ಸತ್ತ ನಮ್ಮಮ್ಮನನ್ನು ಊರಾಚೆಯ ಹಳ್ಳಕ್ಕೆ ಎಸೆದರು. ಒಬ್ಬರೂ ಬತ್ತಿ ಹಚ್ಚಲಿಲ್ಲ. ನಾನು ಕೇಳದ ದನಿ ಯಾರೂ ಕೇಳಬಾರದು."

ಒಡಿಲಿಯಾ ಬತ್ತಿಯನ್ನು ಎದೆಗವಚಿಕೊಂಡಳು. ಅದೊಂದೇ ಉಳಿದದ್ದು. ಬಹಳ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು: "ಅವರ ಹೆಸರೇನು?"

"...ಬೆರ್ತಾ."

"ಕರ್ತನೇ, ಬೆರ್ತಾಳ ಆತ್ಮಕ್ಕೆ ವಿಶ್ರಾಂತಿ ಕೊಡು." ಬತ್ತಿ ನೆಟ್ಟಗೆ ಉರಿಯಿತು. ಗಂಟೆ ನಡುಗಿ, "ಮಗನೇ" ಎಂದಿತು. ಮಾಂತ್ರಿಕ ಮೊಣಕಾಲೂರಿ ಬಿಕ್ಕಿದ. ಅವನ ಮಾಟವೆಲ್ಲ ಮಂಜಿನ ಹಾಗೆ ಕರಗಿತು. ಬತ್ತಿ ಉರಿದು ಮುಗಿದಾಗ, ನೆಲಕ್ಕೆ ತೊಟ್ಟಿಕ್ಕಿದ್ದ ಮೇಣವನ್ನು ಬಳಿದು, ತನ್ನ ಅಂಗಿಯ ನೂಲು ಹೊಸೆದು, ಸೊಟ್ಟದೊಂದು ಬತ್ತಿ ಮಾಡಿದ.

"ನಿಮ್ಮಮ್ಮನ ಹೆಸರು ಹೇಳು, ತಂಗಿ."

"ಹಿಲ್ದಾ."

ಅವನು ಹಚ್ಚಿ ಪ್ರಾರ್ಥಿಸಿದ. ಗಂಟೆ ಮೊಳಗಿತು. "ಲಿಯಾ, ಕಂದಾ."

ಗಂಟೆಯನ್ನು ಗ್ರಿಮಾಲ್ಡನೇ ಬೆನ್ನ ಮೇಲೆ ಹೊತ್ತು ತಂದ. ಜೀವ ತಳೆದ ತೋಳ ಮುಂದೆ ನಡೆಯಿತು, ಕಾಗೆ ಮೇಲೆ ಹಾರಿತು. ವಿಷಯ ಕೇಳಿ ಮುಚ್ಚಿದ್ದ ಬಾಗಿಲುಗಳು ತೆರೆದವು. ಊರವರು ಮೊಟ್ಟಮೊದಲು ಬತ್ತಿ ಹಚ್ಚಿದ್ದು ಆ ಹಳ್ಳದ ದಂಡೆಯಲ್ಲಿ.

ಅಂದಿನಿಂದ ವಾಲ್ಮೋರಾದಲ್ಲಿ ಎಲ್ಲರೂ ನೆಮ್ಮದಿಯಿಂದ ಬಾಳಿದರು. ಒಡಿಲಿಯಾ ವರ್ಷವಿಡೀ ಆ ಒಂದು ಸಂಜೆಗಾಗಿ ಕಾಯುತ್ತಿದ್ದಳು. ತನ್ನ ಅಮ್ಮನಿಗೆ ತಾನು ಹಚ್ಚುವಂತಿರಲಿಲ್ಲ. ಆದರೆ ಪ್ರತಿ ಸಲವೂ ಯಾರಾದರೊಬ್ಬರು ಹಚ್ಚುತ್ತಿದ್ದರು.