ಮೊದಲ ಹಾಡಿನ ಗೇಟು

ಮೋಟರ್ ಗುಂಯ್‌ಗುಡುತ್ತಿತ್ತು, ನೀರು ಮಾತ್ರ ಮೇಲೇರುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಪಾತ್ರೆ ತಿಕ್ಕಲು ಕೂತಿದ್ದ ಬಾಡಿಗೆ ಮನೆಯ ನರಸಮ್ಮ ನಲ್ಲಿಯನ್ನು ತಿರುಗಿಸಿ ತಿರುಗಿಸಿ ಸಾಕಾಗಿ, ಗೊಣಗುತ್ತ ಅಂಗಳಕ್ಕೆ ಬಂದಳು. ಸಂಪಿನ ಕಬ್ಬಿಣದ ಮುಚ್ಚಳಕ್ಕೆ ಚಿಲಕ ಬಿದ್ದಿತ್ತು. ಚಿಲಕ ಸರಿಸಿ ಮುಚ್ಚಳ ಎತ್ತಿದಳು. ನೀರು ತುಂಬಿಯೇ ಇತ್ತು. ಪೈಪಿನ ಬಾಯಿಗೆ ಹಸಿರು ಸೆರಗೊಂದು ಸಿಕ್ಕಿಕೊಂಡಿತ್ತು. ಸೆರಗಿನ ಹಿಂದೆ ಮನೆಯ ಒಡತಿ ವೆಂಕಟಲಕ್ಷ್ಮಮ್ಮ ಇದ್ದಳು.

ನರಸಮ್ಮ ಕಿರುಚಿದ್ದು ಆಮೇಲೆ. ಮೊದಲು ವಾಂತಿ ಮಾಡಿಕೊಂಡಳು. ಹಿಂದಿನ ರಾತ್ರಿ ಅವಳ ಮನೆಯ ಸಾರು ಕುದಿದದ್ದು ಅದೇ ನೀರಿನಲ್ಲಿ.

ಕಾಲು ಜಾರಿ ಬಿದ್ದಿರಬೇಕು ಎಂದರು ಸುಂಕದಕಟ್ಟೆಯ ಆ ಕ್ರಾಸಿನ ಜನ. ಸಬ್‌ಇನ್ಸ್‌ಪೆಕ್ಟರ್ ಶೋಭಾರಾಣಿ ಉತ್ತರ ಕೊಡದೆ, ಮುಚ್ಚಳವನ್ನು ಮಗುಚಿ ಹಾಕುವಂತೆ ಕಾನ್‌ಸ್ಟೇಬಲ್ ಅಮರೇಶನಿಗೆ ಕಣ್ಣಿನಲ್ಲೇ ಹೇಳಿದರು. ಒಳಮೈಯ ತುಕ್ಕಿನ ಮೇಲೆ ತುಂಬ ಗೀರುಗಳಿದ್ದವು. ಒಂದು ಗೀರಿನಲ್ಲಿ ಗಾಜಿನ ಬಳೆಯ ಚೂರು ನಾಟಿತ್ತು.

"ಬಿದ್ದೋಳು ತಾನೇ ಮೇಲಿಂದ ಚಿಲಕ ಹಾಕ್ಕೊಳ್ತಾಳೇನ್ರೀ?" ಎಂದರು.



ಕೊಲೆಗಾರನನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ—ಹೋಗುವ ಮನಸ್ಸೂ ಯಾರಿಗೂ ಇರಲಿಲ್ಲ. ಕಾಂಪೌಂಡಿನ ಮೂಲೆಯ ಶೀಟಿನ ಕೋಣೆಯಲ್ಲಿ ರಾಯಚೂರು ಕಡೆಯ ಗಾರೆ ಕೆಲಸದ ಮರೆಪ್ಪ ಇದ್ದ. ಶನಿವಾರ ವೆಂಕಟಲಕ್ಷ್ಮಮ್ಮ ಅವನ ನಲ್ಲಿಗೆ ಬೀಗ ಹಾಕಿಸಿದ್ದಳು. "ನಿಮ್ ಕಡೆಯೋರು ಜನ್ಮದಲ್ಲಿ ನೀರು ಕಂಡಿದ್ದೀರೇನೋ? ನನ್ ಸಂಪು ಖಾಲಿ ಮಾಡೋಕೇ ಬಂದ್ರಾ?" ಎಂದು ಬೀದಿಗೆಲ್ಲ ಕೇಳುವಂತೆ ಅಂದಿದ್ದಳು. "ಅದ ನೀರಾಗ ಬಿದ್ದು ಸಾಯಿ" ಎಂದು ಮರೆಪ್ಪ ತಿರುಗಿ ಬೈದಿದ್ದ. ಅದೂ ಬೀದಿಗೆಲ್ಲ ಕೇಳಿತ್ತು. ಸೋಮವಾರ ಜ್ವರವೆಂದು ಅವನು ಕೆಲಸಕ್ಕೆ ಹೋಗದೆ ಕೋಣೆಯಲ್ಲೇ ಮಲಗಿದ್ದ. ಹೆಂಡತಿ ಲಕ್ಷ್ಮವ್ವ ಕೆಲಸಕ್ಕೆ ಹೋಗಿದ್ದಳು.

ಅಷ್ಟೇ ಸಾಕಾಯಿತು. ಮಂಗಳವಾರ ಸಂಜೆ ಠಾಣೆಯ ಹಿಂದಿನ ಕೋಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಲಾಠಿ ಎತ್ತಿದಾಗ, ಮರೆಪ್ಪನ ಕಾಲುಗಳನ್ನು ಒತ್ತಿ ಹಿಡಿದವನು ಅಮರೇಶ. ಅವನೂ ರಾಯಚೂರು ಕಡೆಯವನೇ, ಬೆಂಗಳೂರಿಗೆ ಹೊಸಬ. ಅಂಗಾಲಿಗೆ ಪೆಟ್ಟು ಬಿದ್ದಾಗಲೆಲ್ಲ ಮರೆಪ್ಪ ಅವನ ಮುಖವನ್ನೇ ನೋಡಿದ. "ತಮ್ಮಾ, ನೀನರ ಹೇಳೋ. ನಾ ಏನೂ ಮಾಡಿಲ್ಲ. ಡಬಡಬ ಸಪ್ಪಳ ಕೇಳಿತ್ತು, ಅಕ್ಕಾರು ಏನೋ ಕುಟ್ಟಾಕತ್ಯಾರ ಅಂತ ತಿಳಕೊಂಡೆ."

ಅಮರೇಶ ಗೋಡೆ ನೋಡಿದ.

ಬುಧವಾರ ಮಧ್ಯಾಹ್ನ ಇನ್ಸ್‌ಪೆಕ್ಟರ್ ಖಡಾಖಂಡಿತವಾಗಿ ಹೇಳಿಬಿಟ್ಟರು: ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ಮರೆಪ್ಪನನ್ನು ನಿಲ್ಲಿಸಬೇಕು, ಕೇಸು ಮುಗಿಯಬೇಕು. ಅಲ್ಲಿಗೆ ಹೋದ ಮೇಲೆ ಅವನು ಜೈಲು ಬಿಟ್ಟು ಹೊರಬರುವುದು ಯಾವ ಕಾಲಕ್ಕೋ. ಠಾಣೆಯ ಮೆಟ್ಟಿಲ ಮೇಲೆ ಲಕ್ಷ್ಮವ್ವ ಗಂಡನ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳನ್ನು ದಾಟಿಕೊಂಡು ಶೋಭಾರಾಣಿ ಹೊರಬಂದರು.

"ಅಮರೇಶ್, ಬೈಕ್ ತೆಗೀರಿ. ಆ ಮನೆಗೆ ಇನ್ನೊಂದ್ಸಲ."

"ಮೇಡಂ, ಮರೆಪ್ಪ ಅಲ್ಲ ಅಂತೀರಾ?"

"ಅವನೇ ಆಗಿದ್ರೆ ಒಳ್ಳೇದು. ಪೆಟ್ರೋಲ್ ಉಳಿಯುತ್ತೆ."

ನರಸಮ್ಮ ಬಾಗಿಲಲ್ಲೇ ಸಿಕ್ಕಳು. ಎರಡು ದಿನದಿಂದ ಹೊಟ್ಟೆಗೆ ಏನೂ ನಿಲ್ಲದೆ ಮುಖ ಬಾಡಿತ್ತು.

"ಅವರನ್ನ ಕೊನೇ ಸಲ ನೋಡಿದ್ದು ಯಾವಾಗ?"

"ಸೋಮವಾರ ಎರಡೂವರೆಗೆ ಫ್ಯಾಕ್ಟರಿ ಶಿಫ್ಟಿನ ಸೈರನ್ ಕೂಗ್ತಲ್ಲ ಮೇಡಂ, ಆವಾಗ. ಅಂಗಳದಲ್ಲಿ ಬಟ್ಟೆ ತೆಗೀತಿದ್ರು. ನಾನು ಒಳಗೆ ಹೋಗಿ ಮಲಗ್ದೆ. ಸ್ವಲ್ಪ ಹೊತ್ತಿಗೇ ಡಬ ಡಬ ಅಂತ ಸದ್ದು."

"ಎದ್ದು ನೋಡಲಿಲ್ವಾ?"

"ಮರೆಪ್ಪ ಏನೋ ಕುಟ್ತಾವ್ನೆ ಅಂದ್ಕೊಂಡೆ. 'ಏಯ್ ನಿಲ್ಸೋ, ಮನುಷ್ಯರು ಮಲಗೋದ್ ಬೇಡ್ವಾ' ಅಂತ ಕಿಟಕಿಯಿಂದ ಕೂಗ್ದೆ."

"ನಿಲ್ತಾ?"

ನರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇನ್ನೂ ಜೋರಾಯ್ತು ಮೇಡಂ. ಆಮೇಲೆ ನಿಂತೋಯ್ತು."

ಅಂದರೆ—ವೆಂಕಟಲಕ್ಷ್ಮಮ್ಮ ಸಂಪಿಗೆ ಬಿದ್ದದ್ದು, ಚಿಲಕ ಬಿದ್ದದ್ದು, ಎರಡೂ ಸೈರನ್ ಆದ ಮೇಲೆ.

ಸತ್ತವಳ ಗಂಡ ಮುನಿರಾಮಯ್ಯ ಜಗಲಿಯ ಮೇಲೆ ಕೂತಿದ್ದರು. ಫ್ಯಾಕ್ಟರಿಯಿಂದ ನಿವೃತ್ತರು, ಬಿಳಿ ಪಂಚೆ, ಒಗೆದ ಶರ್ಟು. ಎದ್ದು ಶೋಭಾರಾಣಿಗೆ ಕುರ್ಚಿ ಹಾಕಿದರು.

"ಸೋಮವಾರ ಸೈರನ್ ಕೂಗಿದಾಗ ನೀವೆಲ್ಲಿದ್ರಿ?"

"ನಿನ್ನೆಯೇ ಹೇಳಿದ್ನಲ್ಲಮ್ಮ. ಶಾಂಭವೀಲಿ. ಎರಡೂವರೆ ಮ್ಯಾಟಿನಿ."

ಶಾಂಭವಿ ಚಿತ್ರಮಂದಿರ ಎರಡೇ ರಸ್ತೆ ಆಚೆ, ಮಾಗಡಿ ರಸ್ತೆಗೆ ಮುಖ ಮಾಡಿಕೊಂಡಿತ್ತು.

"ದಿನಾ ಹೋಗ್ತೀರಂತೆ?"

"ಪಾಸ್ ಇದೆಯಲ್ಲ." ಮುನಿರಾಮಯ್ಯ ಕಿಸೆಯಿಂದ ಫೋಟೋ ಅಂಟಿಸಿದ ಕಾರ್ಡು ತೆಗೆದು, ಪಂಚೆಯ ತುದಿಯಿಂದ ಒರೆಸಿ ತೋರಿಸಿದರು. "ಮಲ್ಟಿಪ್ಲೆಕ್ಸ್ ಬಂದ್ಮೇಲೆ ಇಲ್ಲಿಗೆ ಯಾರು ಬರ್ತಾರೆ ಹೇಳಿ. ಅದಕ್ಕೇ ಈ ಸ್ಕೀಮು. ತಿಂಗಳಿಗೊಂದ್ಸಲ ಕಟ್ಬಿಟ್ರೆ ಮುಗೀತು, ದಿನಾ ಮ್ಯಾಟಿನಿ ನೋಡ್ಬಹುದು. ತಣ್ಣಗೆ ಕತ್ತಲು. ಮೂರು ಗಂಟೆ ಯಾರೂ 'ರೀ' ಅಂತ ಕರೆಯಲ್ಲ." ನಕ್ಕರು. ನಕ್ಕದ್ದು ನೆನಪಾಗಿ ಮುಖ ಸರಿಮಾಡಿಕೊಂಡರು. "ಆದ್ರೆ ಪಾಸ್‌ನೋರು ಅಂದ್ರೆ ನಾಯಿಗಿಂತ ಕಡೆ ಕಣಮ್ಮ. ಹೊಸ ಪಿಕ್ಚರ್ ಬಂದ್ರೆ ಶುಕ್ರವಾರದಿಂದ ಭಾನುವಾರದವರೆಗೆ ಪಾಸ್ ನಡೆಯಲ್ಲ. ಕೂರೋಕೆ ಮುಂದಿನ ಸಾಲೇ, ಕತ್ತು ಬಿದ್ದೋಗುತ್ತೆ. ಟಿಕೆಟ್‌ನೋರೆಲ್ಲ ಕೂತಾದ್ಮೇಲೆ, ಮೊದಲ ಹಾಡು ಶುರುವಾದಾಗ ನಮಗೆ ಪಕ್ಕದ ಗೇಟ್ ತೆಗೀತಾರೆ. ಹಾಡು ಮುಗೀತೋ, ಮುಚ್ಚಿಬಿಡ್ತಾರೆ. ಕೈಕಾಲು ಹಿಡ್ಕೊಂಡ್ರೂ ಬಿಡಲ್ಲ."

"ಹಾಗಾದ್ರೆ ಸೈರನ್ ಹೊತ್ತಿಗೆ ನೀವು ಒಳಗಿರೋಕೆ ಸಾಧ್ಯ ಇಲ್ಲ."

"ಸೋಮವಾರ ಟಿಕೆಟ್ ತಗೊಂಡಿದ್ದೆ." ಅದೇ ಕಿಸೆಯಿಂದ ಬಾಲ್ಕನಿಯ ಕೊನೇ ಸಾಲಿನ ಹರಿದ ಟಿಕೆಟ್ಟಿನ ಅರ್ಧ ಹೊರಬಂತು. "ಒಂದ್ಸಲಾನಾದ್ರೂ ಮರ್ಯಾದೆಯಾಗಿ ಮೊದಲಿಂದ ನೋಡೋಣ ಅನ್ನಿಸ್ತು. ಸೈರನ್ ಕೂಗಿದಾಗ ಬಾಲ್ಕನೀಲಿ ಕೂತಿದ್ದೆ."

ಶೋಭಾರಾಣಿ ಚೂರನ್ನು ತಿರುಗಿಸಿ ನೋಡಿದರು. ಸೋಮವಾರದ್ದೇ, ಮ್ಯಾಟಿನಿಯದ್ದೇ.

"ಪಿಕ್ಚರ್ ಚೆನ್ನಾಗಿತ್ತಾ?" ಮಾತಿಗೆ ಕೇಳಿದಂತೆ ಕೇಳಿದರು.

"ಬಹಳ ಚೆನ್ನಾಗಿದೆ! ಹುಡುಗ ಮಿಲಿಟರಿಯೋನು. ಏನೇನೋ ಕಷ್ಟ ಬಂದ್ರೂ ಕೊನೆಗೆ ಇಬ್ಬರಿಗೂ ಮದುವೆ ಆಗುತ್ತೆ. ರೈಲು ಹತ್ತಿ ಹೆಂಡ್ತಿಗೆ ಕೈ ಬೀಸ್ತಾನೆ, ಶುಭಂ. ಹಿಂದೆ ಹೆಂಗಸರೆಲ್ಲ ಖುಷಿಗೆ ಅಳ್ತಿದ್ರು. ಮನಸ್ಸು ತುಂಬಿಬಂತು ನೋಡಿ. ಮನೆಗೆ ಬಂದು ಇವಳಿಗೆ ಹೇಳೋಣ ಅಂದ್ರೆ..." ಕಣ್ಣು ಒರೆಸಿಕೊಂಡರು. ಕಣ್ಣು ಒಣಗಿಯೇ ಇತ್ತು.

ಅಮರೇಶನೂ ಶನಿವಾರ ಅದೇ ಪಿಕ್ಚರ್ ನೋಡಿದ್ದ, ಟಿಕೆಟ್ ತೆಗೆದು, ಹೆಂಡತಿಯ ಜೊತೆ. ಅವಳು ದಾರಿಯುದ್ದಕ್ಕೂ ಮೂಗು ಒರೆಸಿಕೊಂಡೇ ಬಂದಿದ್ದಳು. ಸಾವಿನ ಮನೆಯಲ್ಲಿ ಪಿಕ್ಚರ್ ಮಾತೇಕೆ ಎಂದು ಸುಮ್ಮನಾದ.

"ಸಂಜೆ ಬಂದಾಗ ಹೆಂಡತಿ ಕಾಣದೆ ಗಾಬರಿ ಆಗಲಿಲ್ವಾ?"

"ಮಲ್ಲತ್ತಹಳ್ಳೀಲಿ ಅವಳ ತಂಗಿ ಮನೆ. ಕೋಪ ಬಂದ್ರೆ ಹೋಗಿಬಿಡೋಳು. ನಾನು ಹೋಟೆಲಲ್ಲಿ ಊಟ ಮಾಡ್ಕೊಂಡು ಬಂದು ಮಲಗ್ದೆ."

ಉತ್ತರಗಳಲ್ಲಿ ಎಲ್ಲೂ ಬಿರುಕಿರಲಿಲ್ಲ. ಶೋಭಾರಾಣಿ ಎದ್ದರು.

ದಾರಿಯಲ್ಲಿ ಶಾಂಭವಿಯ ಎದುರು ಟೀ ಅಂಗಡಿ. "ನಿಲ್ಲಿಸಿ" ಎಂದರು. ಎದುರಿಗೆ ಮ್ಯಾಟಿನಿ ಬಿಡುತ್ತಿತ್ತು. ಅಷ್ಟರಲ್ಲಿ ಅವರ ಮೊಬೈಲ್ ಬಡಿದುಕೊಂಡಿತು—ಇನ್ಸ್‌ಪೆಕ್ಟರ್. ವ್ಯಾನ್ ಸಿದ್ಧವಿದೆ, ಇನ್ನೇನು ಹೊರಡಬೇಕು.

"ಬಂದೆ ಸಾರ್. ಅರ್ಧ ಗಂಟೆ."

ಫೋನ್ ಕಿಸೆಗೆ ಹಾಕಿದವರು ಹಾಗೇ ನಿಂತುಬಿಟ್ಟರು. ದೊಡ್ಡ ಗೇಟಿನಿಂದ ಬರುತ್ತಿದ್ದ ಹೆಂಗಸರ ಕಣ್ಣುಗಳು ಕೆಂಪಗಾಗಿದ್ದವು. ಗಂಡಸರು ತಲೆ ತಗ್ಗಿಸಿ ಬೀಡಿ ಹಚ್ಚುತ್ತಿದ್ದರು. ಪಕ್ಕದ ಸಣ್ಣ ಗೇಟಿನಿಂದ ಬಂದವರು ಬೇರೆಯೇ ಜಾತಿ: ಶಿಳ್ಳೆ, ನಗು. "ಮದ್ವೆ ಸೀನು ಸಖತ್ತಾಗಿತ್ತು ಗುರು!" ಎಂದು ಒಬ್ಬ ಗೆಳೆಯನ ಬೆನ್ನಿಗೆ ಗುದ್ದಿದ.

"ಆ ಸಣ್ಣ ಗೇಟು ಯಾರದ್ದು?" ಗೇಟ್‌ಕೀಪರನನ್ನು ಕೇಳಿದರು.

"ಪಾಸ್‌ನೋರ್ದು ಮೇಡಂ."

"ಸೋಮವಾರ ಮುನಿರಾಮಯ್ಯ ಬಂದಿದ್ರಾ ಆ ಗೇಟಲ್ಲಿ?"

"ಅವರು ದಿನಾ ಬರೋರು. ಯಾವ ದಿನ ಬಂದ್ರು, ಯಾವ ದಿನ ತಪ್ಪಿದ್ರು, ಯಾರಿಗೆ ಗೊತ್ತು? ನಾವೇನು ಬರ್ಕೊಳ್ತೀವಾ?"

ಶೋಭಾರಾಣಿ ಅಮರೇಶನ ಕಡೆ ತಿರುಗಿದರು. "ನೀವು ಈ ಪಿಕ್ಚರ್ ನೋಡಿದೀರಾ?"

"ಹೂಂ ಮೇಡಂ."

"ಮೊದಲಿಂದ?"

"ಹೂಂ."

"ಶುರುವಿಗೆ ಏನಾಗುತ್ತೆ?"

ಅಮರೇಶ ಹೇಳಿದ. ಶೋಭಾರಾಣಿ ಟೀ ಲೋಟವನ್ನು ತುಂಬಿದ್ದ ಹಾಗೇ ಕಲ್ಲಿನ ಮೇಲಿಟ್ಟರು.

ಮುನಿರಾಮಯ್ಯ ಜಗಲಿ ಬಿಟ್ಟು ಕದಲಿರಲಿಲ್ಲ.

"ಒಂದೇ ಪ್ರಶ್ನೆ ಉಳೀತು. ಆ ಪಿಕ್ಚರ್ ಹೇಗೆ ಶುರುವಾಗುತ್ತೆ?"

"ಹೇಗಂದ್ರೆ... ಹುಡುಗಿ ಕೆರೆ ಏರಿ ಮೇಲೆ ಸೈಕಲ್ ತುಳೀತಾ ಹಾಡ್ತಾಳೆ—"

"ಅದು ಮೊದಲ ಹಾಡು. ಅದಕ್ಕೆ ಮುಂಚೆ?"

"ಮುಂಚೆ ಹೆಸರುಗಳು ಬರ್ತವೆ."

"ಹೆಸರುಗಳಿಗೂ ಮುಂಚೆ?"

ಮುನಿರಾಮಯ್ಯನವರ ಕೈ ಕಿಸೆಗೆ ಹೋಯಿತು, ಪಾಸು ಮತ್ತೆ ಹೊರಬಂತು.

"ಹೇಳಿ ಅಮರೇಶ್."

ಅಮರೇಶನ ಬಾಯಿಂದ ಊರಿನ ಮಾತೇ ಹೊರಬಂತು. "ರೈಲ್ವೆ ಸ್ಟೇಷನ್ನಿಗೆ ಒಂದು ಪೆಟ್ಟಿಗಿ ಬರತೈತ್ರಿ. ಬಾವುಟ ಹೊದಿಸಿದ್ದು. ಹುಡುಗಿ ಕೈಯಾಗಿನ ಬಳಿ ಒಡಕೊಂತಾಳ. ಹೀರೋ ಮೊದಲನೇ ಸೀನ್‌ನಾಗ ಸತ್ತಿರ್ತಾನ್ರಿ. ಉಳಿದದ್ದೆಲ್ಲ ಹಿಂದಿನ ಕಥಿ."

"ಕೊನೇಲಿ ಅವನು ರೈಲು ಹತ್ತಿ ಕೈ ಬೀಸ್ತಾನಲ್ಲ," ಶೋಭಾರಾಣಿ ಮುಂದುವರಿಸಿದರು, "ಅವನು ವಾಪಸ್ ಬರೋದು ಪೆಟ್ಟಿಗೇಲಿ ಅಂತ ಟಿಕೆಟ್ ತಗೊಂಡವರಿಗೆಲ್ಲ ಗೊತ್ತು. ಅದಕ್ಕೇ ಅಳ್ತಾ ಆಚೆ ಬರ್ತಾರೆ. ಪಾಸ್‌ನೋರು ಹಾಡಿಗೆ ಒಳಗೆ ಹೋದೋರು, ಅವರಿಗದು ಮದುವೆ ಪಿಕ್ಚರು. ನಿಮಗೂ ಅಷ್ಟೇ. ಹಿಂದೆ ಹೆಂಗಸರು ಯಾಕೆ ಅಳ್ತಿದ್ರು ಅಂತ್ಲೂ ನಿಮಗೆ ಗೊತ್ತಾಗಲಿಲ್ಲ. 'ಹಿಂದೆ' ಅಂದ್ರಿ. ಬಾಲ್ಕನಿ ಕೊನೇ ಸಾಲಲ್ಲಿದ್ರೆ ಥಿಯೇಟರೆಲ್ಲ ನಿಮ್ಮ ಮುಂದಿರುತ್ತೆ, ಹಿಂದಲ್ಲ. ಪಿಕ್ಚರ್ ಬಂದಿದ್ದು ಶುಕ್ರವಾರ, ಪಾಸ್ ನಡೆದಿದ್ದು ಸೋಮವಾರದಿಂದ. ನೀವು ನೋಡಿದ್ದು ಅದೊಂದೇ ಸಲ, ಪಕ್ಕದ ಗೇಟಿಂದ, ಸೈರನ್ ಆಗಿ ಎಷ್ಟೋ ಹೊತ್ತಿನ ಮೇಲೆ. ಟಿಕೆಟ್ ಚೂರು ಎಲ್ಲಿ ಸಿಕ್ತು? ಬಾಲ್ಕನಿ ಮೆಟ್ಟಿಲ ಮೇಲಾ?"

ಮುನಿರಾಮಯ್ಯ ಪಂಚೆಯ ತುದಿ ಸರಿಮಾಡಿಕೊಂಡರು.

"ಅವತ್ತು ರಾತ್ರಿ ಇಡೀ ಕಾಂಪೌಂಡು ಆ ನೀರು ಕುಡೀತು. ನೀವೊಬ್ರೇ ಹೋಟೆಲಿಗೆ ಹೋದ್ರಿ."

"ನಾನು ತಳ್ಳಲಿಲ್ಲ." ಮುನಿರಾಮಯ್ಯ ಮೆಲ್ಲಗೆ ಹೇಳಿದರು.

"ಮತ್ತೇನು ಮಾಡಿದ್ರಿ?"

"ನೀರು ಎಷ್ಟಿದೆ ಅಂತ ಬಗ್ಗಿದ್ಲು, ಜಾರಿದ್ಲು. ಪೈಪ್ ಹಿಡ್ಕೊಂಡು 'ರೀ, ಕೈ ಕೊಡ್ರೀ' ಅಂದ್ಲು. ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ." ಕೈಯಲ್ಲಿದ್ದ ಪಾಸನ್ನು ಹೆಬ್ಬೆರಳಿನಿಂದ ಸವರಿದರು. "ದಿನಾ ಹೀಗೇ ಕಣಮ್ಮ. ಸರಿಯಾಗಿ ಹೊರಡೋ ಹೊತ್ತಿಗೆ ಕರೆಯೋಳು. ಗ್ಯಾಸ್ ನೋಡಿ, ಸೊಪ್ಪು ತನ್ನಿ, ಬಲ್ಬ್ ಹಾಕಿ. ಬೇಕಂತ್ಲೇ. ಹೋದ ವಾರ ಒಂದು ದಿನಾನೂ ಹಾಡಿಗೆ ಸರಿಯಾಗಿ ತಲುಪಲಿಲ್ಲ. ಬಿಸಿಲಲ್ಲಿ ವಾಪಸ್ ಬಂದ್ರೆ, 'ಆಯ್ತಾ ಪಿಕ್ಚರು?' ಅಂತ ನಗೋಳು."

"ಅದಕ್ಕೆ ಚಿಲಕ ಹಾಕಿದ್ರಾ?"

"ಕೂಗ್ತಿದ್ಲು. ಯಾರಾದ್ರೂ ಬಂದ್ರೆ ಮತ್ತೆ ಲೇಟಾಗೋದು."

ಅಮರೇಶನಿಗೆ ತಡೆದುಕೊಳ್ಳಲಾಗಲಿಲ್ಲ. "ಇಂಟರ್ವಲ್‌ನಾಗರ ಓಡಿ ಬರಬಹುದಿತ್ತಲ್ರಿ!"

ಮುನಿರಾಮಯ್ಯ ಏನೂ ಅರಿಯದ ಹುಡುಗನಿಗೆ ತಿಳಿಹೇಳುವಂತೆ ಅವನತ್ತ ನೋಡಿದರು. "ಪಾಸ್‌ನೋರು ಇಂಟರ್ವಲ್‌ನಲ್ಲಿ ಆಚೆ ಹೋದ್ರೆ ಮತ್ತೆ ಒಳಗೆ ಬಿಡಲ್ಲಪ್ಪ."

ಶೋಭಾರಾಣಿ ಫೋನ್ ತೆಗೆದು ವ್ಯಾನ್ ನಿಲ್ಲಿಸಲು ಹೇಳಿದರು. ಜೀಪು ಕಳಿಸಲು ಹೇಳಿದರು. "ಮರೆಪ್ಪನಿಗೆ ಒಂದು ಟೀ ಕುಡಿಸಿ ಬಿಟ್ಟುಬಿಡಿ" ಎಂದರು. ಅಷ್ಟೇ.

ಜೀಪ್ ಹತ್ತುವಾಗ ಮುನಿರಾಮಯ್ಯ ಅಮರೇಶನ ತೋಳು ಹಿಡಿದರು. "ಆ ಹುಡುಗ... ನಿಜವಾಗ್ಲೂ ಸತ್ತೇಹೋಗ್ತಾನಾ?"

"ಹೂಂ."

ಮುದುಕನಿಗೆ ಮೊದಲು ಒಂದು ಬಿಕ್ಕು, ಆಮೇಲೆ ಧಾರಾಕಾರ. ಶಾಂಭವಿಯ ಮುಂದೆ ಹಾದುಹೋಗುವಾಗ, ಪೋಸ್ಟರಿನಲ್ಲಿ ನಗುತ್ತಿದ್ದ ಹೀರೋನನ್ನು ನೋಡಿ ಇನ್ನೂ ಜೋರಾಯಿತು.

ಠಾಣೆಯ ಮೆಟ್ಟಿಲ ಮೇಲೆ ಮರೆಪ್ಪ ಹೆಂಡತಿಯ ಹೆಗಲು ಹಿಡಿದು ಇಳಿಯುತ್ತಿದ್ದ. ಬಾತ ಪಾದ ಚಪ್ಪಲಿಗೆ ಹಿಡಿಸದೆ, ಲಕ್ಷ್ಮವ್ವ ಅದನ್ನು ಕೈಯಲ್ಲೇ ಹಿಡಿದಿದ್ದಳು. ಯಾಕೆ ಹಿಡಿದರು, ಯಾಕೆ ಬಿಟ್ಟರು, ಅವನಿಗೆ ಯಾರೂ ಹೇಳಿರಲಿಲ್ಲ. ಅಳುತ್ತ ಬರುತ್ತಿದ್ದ ಮನೆಯ ಯಜಮಾನರನ್ನು ಕಂಡು ಅವನು ನಿಂತ. ಕುಂಟುತ್ತ ಒಂದು ಮೆಟ್ಟಿಲು ಮೇಲೇರಿ ಅವರ ಕೈ ಹಿಡಿದುಕೊಂಡ.

"ಅಳಬ್ಯಾಡ್ರಿ ಯಜಮಾನ್ರ. ಅಕ್ಕಾರ ಬಾಯಿ ಒರಟು, ಮನಸ್ಸು ಕೆಟ್ಟದ್ದಿರಲಿಲ್ಲ."

ಮುನಿರಾಮಯ್ಯ ಇನ್ನಷ್ಟು ಬಿಕ್ಕಿದರು.

ಮರೆಪ್ಪ ಅಮರೇಶನ ಕಡೆ ನೋಡಿದ. "ಪಾಪ, ಎಷ್ಟ್ ಹಚ್ಕೊಂಡಿದ್ರು ನೋಡು ತಮ್ಮಾ."

ಅಮರೇಶ ಗೋಡೆ ನೋಡಿದ.